ಕಂದಕದಲ್ಲಿ ಗಾಲ್ಫ್

ಫಿಲಿಪೀನ್ಸಿನ ಮನಿಲಾದ ಹಳೆಯ ಕೋಟೆಪಟ್ಟಣದ ಹೆಸರು ಇಂಟ್ರಾಮುರೋಸ್; ಅಂದರೆ ಲ್ಯಾಟಿನ್‌ನಲ್ಲಿ ‘ಗೋಡೆಯೊಳಗೆ’. 1571ರಲ್ಲಿ ಮನಿಲಾದಲ್ಲಿ ಬೀಡುಬಿಟ್ಟ ಸ್ಪೇನಿನವರು ಆಮೇಲೆ ಸುತ್ತ ಕಲ್ಲಿನ ಕೋಟೆ ಕಟ್ಟಿ, ಕಂದಕ ತೋಡಿ, ಶತ್ರುವಿಗಾಗಿ ಕಾದು ಕೂತರು. ಮುಂದೆ ಬಂದ ಅಮೆರಿಕನ್ನರಿಗೆ ಕಂದಕದಲ್ಲಿ ಕಂಡದ್ದು ಕೊಳಕು ನೀರು, ಸೊಳ್ಳೆ. ಮುಚ್ಚಿಸಿ ಗಾಲ್ಫ್ ಮೈದಾನ ಮಾಡಿಬಿಟ್ಟರು! ಗುಂಡು ಬೀಳಬೇಕಿದ್ದ ಜಾಗದಲ್ಲಿ ಈಗ ಬೀಳುವುದು ಬಿಳಿ ಚೆಂಡು.

ಒಳಗೆ ಓಡಾಡಲು ಕಲೇಸಾ ಎಂಬ ಜಟಕಾ. ಹತ್ತುವ ಮುಂಚೆ ಬಾಡಿಗೆ ಗೊತ್ತುಮಾಡಿಕೊಳ್ಳದವರ ಮುಖವನ್ನು ಇಳಿಯುವಾಗ ನೋಡಬೇಕು.

1607ರ ಸಾನ್ ಅಗಸ್ಟಿನ್ ಚರ್ಚಿನ ಚಾವಣಿಯ ಕೆತ್ತನೆ ನೋಡುತ್ತ ಪ್ರವಾಸಿ ಕುತ್ತಿಗೆ ಉಳುಕಿಸಿಕೊಂಡ ಮೇಲೆ ಗೈಡ್ ತಣ್ಣಗೆ ಹೇಳುತ್ತಾನೆ: ಅದು ಕೆತ್ತನೆಯಲ್ಲ, ಬರೀ ಬಣ್ಣ. ಇಬ್ಬರು ಇಟಾಲಿಯನ್ನರ ಕಣ್ಕಟ್ಟು. ಎರಡನೇ ಮಹಾಯುದ್ಧದಲ್ಲಿ, 1945ರ ಮನಿಲಾ ಕದನದಲ್ಲಿ ಕೋಟೆಯೊಳಗಿನ ಚರ್ಚುಗಳೆಲ್ಲ ನೆಲಕಚ್ಚಿದಾಗ ಉಳಿದುನಿಂತದ್ದು ಇದೊಂದೇ.

ಹಿರಿಯರು ಎದುರಾದರೆ ಫಿಲಿಪಿನೋ ಮಕ್ಕಳು ‘ಮಾನೋ ಪೋ’ ಎನ್ನುತ್ತ ಅವರ ಕೈಯನ್ನು ಹಣೆಗೊತ್ತಿಕೊಳ್ಳುತ್ತಾರೆ. ಆ ‘ಪೋ’ ಹೆಚ್ಚುಕಡಿಮೆ ನಮ್ಮ ‘ರೀ’. ಇದು ತಿಳಿಯದ ಪ್ರವಾಸಿ ಅಜ್ಜಿ ಚಾಚಿದ ಕೈಯನ್ನು ಗಡಗಡ ಕುಲುಕಿಬಿಡುತ್ತಾನೆ. ಅಜ್ಜಿ ನಕ್ಕು ಹಾಲೋ-ಹಾಲೋ ಲೋಟ ಕೊಡುತ್ತಾಳೆ: ತುರಿದ ಐಸು, ಹಾಲು, ನೇರಳೆ ಗೆಣಸಿನ ಹಲ್ವ, ಜೊತೆಗೆ ಬೇಯಿಸಿದ ಸಿಹಿ ಕಾಳು. ಉಸಲಿಯೋ ಐಸ್‌ಕ್ರೀಮೋ ಎಂದು ಅವನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅರ್ಧ ಕರಗಿರುತ್ತದೆ.