ಎಂಟು ಸಿಲಿಂಡರಿನ ಅಂದಾಜು

ಇಳಕಲ್ಲಿನ ಗ್ರಾನೈಟ್ ಸಾವ್ಕಾರರ ಮಸ್ಟಾಂಗ್ ಹುನಗುಂದದ ಹಂಪ್ಸಿಗೆ ಹೊಟ್ಟೆ ಉಜ್ಜಿಕೊಂಡು ಗ್ಯಾರೇಜಿಗೆ ಬಂತು. (ಗಂಟೆಗೆ ಇನ್ನೂರೈವತ್ತು ಓಡುವ ಕಾರು, ಬಂದದ್ದು ಟ್ರ್ಯಾಕ್ಟರಿನ ಹಿಂದೆ.)

"ಮೇಸ್ತ್ರಿ, ಎಷ್ಟಾಗತೈತಿ?"

"ತಡೀರಿ ಸಾವ್ಕಾರ್ರ. ಎಂಟು ಸಿಲಿಂಡರ್, ಐದು ಲೀಟರ್ ಇಂಜಿನ್! ಎಳಕೊಂಡ ಬಂದ ಟ್ರ್ಯಾಕ್ಟರಿಗೆ ಮೂರ ಅದಾವ್ರಿ."

"ರೇಟ್ ಹೇಳಪಾ."

"ಆಯಿಲ್ ಚೇಂಬರ್ ಒಡದೈತಿ. ಎಂ-ಸೀಲ್ ಹಚ್ಚಿದ್ರ ನೂರು ರೂಪಾಯಿ. ಅಸಲಿ ಸಾಮಾನು ಅಂದ್ರ ಫೋರ್ಡ್‌ನವರು 2021ರಾಗ ಇಲ್ಲಿ ಕಾರು ಮಾಡೂದ ಬಿಡ್ತೀವಿ ಅಂದಾರ. ಅಮೆರಿಕಾದಿಂದ ಬರಬೇಕು."

"ಬಾಗಲಕೋಟಿಯಾಂವ ಎರಡು ಲಕ್ಷ ಅಂದ."

"ಗಾಡಿ ನೋಡಿ ಅಂದನೇನ್ರಿ?"

"ಇಲ್ಲ, ನನ್ನ ಕೊರಳಾಗಿನ ಚೈನ್ ನೋಡಿ."

"ಬಾದಾಮಿಯಾಂವ?"

"ಕಾರಿನ ಮುಂದ ನಿಂತು ಫೋಟೋ ಹೊಡಸಿಕೊಂಡ. ಮುಟ್ಟಲಿಲ್ಲ, ರೊಕ್ಕಾನೂ ಕೇಳಲಿಲ್ಲ."

"ಅಂವನಷ್ಟ ನಂಬಿಗಸ್ತ ಜಿಲ್ಲಾದಾಗ ಇನ್ನೊಬ್ಬ ಇಲ್ರಿ."