ಬೈನಾಕ್ಯುಲರ್ ಯಾರ ಕೊರಳಾಗ?

ಖರೇ ಹೇಳ್ರಿ, ಗದಗ ಕಡೆ ಟ್ರಿಪ್ ಹೊಂಟೀರಂದ್ರ ನಿಮ್ಮ ಗಾಡ್ಯಾಗ ಎರಡು ಪಾರ್ಟಿ ಇರ್ತಾವೋ ಇಲ್ಲೋ? ಒಂದು ಹಕ್ಕಿ ಪಾರ್ಟಿ, ಇನ್ನೊಂದು ಗುಡಿ ಪಾರ್ಟಿ. (ಹಿಂದಿನ ಸೀಟಿನ್ಯಾಗ ಸುಮ್ಮನ ಕೂತ ಮೂರನೇ ಪಾರ್ಟಿ ಮಿರ್ಚಿ ಭಜೀದು. ಕಡೀಕೆ ಗೆಲ್ಲೂದು ಅದ.)

"ಮುಂಜಾನೆ ಐದಕ್ಕ ಬಿಡೂದು, ತಡ ಆದ್ರ ಹಕ್ಕಿ ಸಿಗಂಗಿಲ್ಲ" ಅಂತ ರಾತ್ರಿ ಗ್ರೂಪಿನ್ಯಾಗ ಮೆಸೇಜ್ ಹಾಕಿದವ್ರು ನೀವ. ಏಳಕ್ಕ ಇನ್ನೂ ಬೈನಾಕ್ಯುಲರ್ ಎಲ್ಲಿಟ್ಟೀರಿ ಅಂತ ಮನಿ ತುಂಬ ಹುಡುಕಿದವ್ರೂ ನೀವ. (ಕೊರಳಾಗ ಇತ್ತಲ್ಲ?) ನಿಮ್ಮ ಪುಣ್ಯ, ಮಾಗಡಿ ಕೆರಿ ಹೆಬ್ಬಾತು ತಡ ಮಾಡಿದವ್ರನ್ನೂ ಮಾಫ್ ಮಾಡ್ತಾವ. ಹೆಚ್ಚಾಗಿ ಅವು ರಾತ್ರಿ ಹೊಲದಾಗ ಮೇಯ್ದು, ಹಗಲೆಲ್ಲ ಕೆರಿಯಾಗ ತೂಕಡಿಸ್ಕೋತ ಇರ್ತಾವ.

ಈ ಮಾಗಡಿ ಬೆಂಗಳೂರು ಕಡೀದಲ್ಲ ಮತ್ತ, ಶಿರಹಟ್ಟಿ ತಾಲೂಕಿಂದು. (ಮ್ಯಾಪ್ ಹಾಕೂ ಮುಂದ ಒಂದೀಟು ನೋಡಿ ಒತ್ರಿ, ನಿಮ್ಮ ಬೆರಳಿನ ಮ್ಯಾಲೆ ನನಗ ಭರೋಸಾ ಇಲ್ಲ.) ಸುಮಾರು 134 ಎಕರೆ ಕೆರಿ. 2024ರಾಗ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರೇತಿ.

ಮಿಲಿಟರಿ ಬಣ್ಣದ ಅಂಗಿ, ದೊಡ್ಡ ಟೋಪಿ ಹಾಕ್ಕೊಂಡು ನೀವು ಬಗ್ಗಿ ಬಗ್ಗಿ ಹೊಂಟೀರಿ, ದಂಡಿ ಮ್ಯಾಲೆ ಎಮ್ಮಿ ಕಾಯೋ ಹುಡುಗ ಕೆಂಪು ಬನೀನಿನ್ಯಾಗ ನಿಂತು ನಿಮ್ಮನ್ನ ನೋಡ್ಲಿಕ್ಕತ್ಯಾನ. ಹಕ್ಕಿ ಅವಗೂ ಅಂಜವೊಲ್ಲವು, ಎಮ್ಮಿಗೂ ಅಂಜವೊಲ್ಲವು. ಅಂಜಿದ್ರ ನಿಮಗ ಅಂಜ್ಯಾವು!

ಅಷ್ಟರಾಗ ಮಗಳು ಕೇಳ್ತಾಳ, "ಪಪ್ಪಾ, ಇವು ಎಲ್ಲಿಂದ ಬಂದಾವ?" ನೀವು ಕಣ್ಣು ಮಿಟುಕಿಸದ "ಸೈಬೀರಿಯಾ" ಅಂತೀರಿ. ಅಲ್ರೀ, ರೆಕ್ಕಿ ಇದ್ದದ್ದೆಲ್ಲ ಸೈಬೀರಿಯಾದಿಂದನ ಬರಬೇಕೇನು? ಬಿಳೇ ತಲಿ ಹಿಂದ ಎರಡು ಕರೇ ಪಟ್ಟಿ ಕಾಣಸ್ತಾವಲ್ಲ, ಅವು ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ಹಾರಿ ದಾಟಿ ಬರ್ತಾವ. 7,000 ಮೀಟರಿಗಿಂತ ಮ್ಯಾಲೆ ಹಾರಿದ್ದು ದಾಖಲೆ ಐತಿ. ಅಲ್ಲಿ ಗಾಳಿ ತೆಳುವು, ಆದ್ರ ಇವುಗಳ ರಕ್ತಕ್ಕ ಇದ್ದಷ್ಟ ಆಕ್ಸಿಜನ್ನ ಗಟ್ಟಿ ಹಿಡಿಯೋ ಗುಣ ಐತಿ. ನೀವು ಕೆರಿ ಏರಿ ಹತ್ತೂದ್ರಾಗ ಎರಡು ಸಲ ಕೂತ್ರಿ, ನಾ ಏನೂ ಅಂದಿಲ್ಲ.

ಅಷ್ಟು ದೂರ ಹಾರಿ ಬಂದದ್ದು ಶೇಂಗಾ, ಕಡ್ಲಿ, ಜೋಳದ ಹೊಲ ನೋಡಿ. ಬಂದವ್ರು ಬೆಳಿ ಮೇಯ್ದ್ರ ರೈತಗ ಹೆಂಗ ಅನಸ್ತೈತಿ ಅಂತ ಒಮ್ಮೆರೆ ಕೇಳೀರೇನು? ಇಲ್ಲ. ನೀವು ಕೇಳಿದ್ದು, "ಇಲ್ಲೆ ರೇಂಜ್ ಬರ್ತೈತೇನ್ರಿ?"

ಈಗ ಗುಡಿ ಪಾರ್ಟಿ ಸರದಿ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಮುಂದ ಗಾಡಿ ನಿಂತ್ರ ಹಕ್ಕಿ ಪಾರ್ಟಿಗೆ ತಟ್ಟನ ಕಾಲುನೋವು. ಇದು ಹಳೇ ಪುಲಿಗೆರೆ, ಪಂಪ ತನ್ನ ಕಾವ್ಯದ ಕನ್ನಡ ಈ ಊರಿಂದು ಅಂತ ಹೆಮ್ಮೆಪಟ್ಟವ ಅಂದ್ರೂ ಸೀಟು ಬಿಟ್ಟು ಏಳಂಗಿಲ್ಲ. ಗೋಪುರದ ಸಂದಿನ್ಯಾಗ ಒಂದು ಗಿಳಿ ಕೂಗ್ಲಿ, ಎಲ್ಲಾರಿಗಿಂತ ಮೊದಲು ಚಪ್ಪಲಿ ಬಿಟ್ಟವ್ರು ಇವ್ರ. ಭಕ್ತಿ ಎಲ್ಲಿಂದ ಹುಟ್ಟತೈತಿ ಹೇಳಾಕ ಬರಂಗಿಲ್ಲ ನೋಡ್ರಿ.

ಗದಗಿನ ವೀರನಾರಾಯಣ ಗುಡ್ಯಾಗ ಕುಮಾರವ್ಯಾಸ ಕೂತ ಕಂಬ ಅಂತ ತೋರಸ್ತಾರ. ಮಿಂದು ಒದ್ದಿ ಬಟ್ಟಿ ಮ್ಯಾಲೆ ಬಂದು, ಅದು ಒಣಗೂತನಕ ಭಾರತ ಬರೀತಿದ್ದ ಅಂತ ಊರ ಮಾತು. ನೀವೂ ಅದ ಕಂಬಕ್ಕ ಒರಗಿ ಬರದ್ರಿ, ಸ್ಟೇಟಸ್. ಎರಡು ಸಾಲಿನ್ಯಾಗ ನಾಲ್ಕು ತಪ್ಪು.

ಲಕ್ಕುಂಡಿಗೆ ಬರೂದ್ರಾಗ ಬಿಸಿಲು ನೆತ್ತಿ ಮ್ಯಾಲೆ. ನೂರೊಂದು ಗುಡಿ, ನೂರೊಂದು ಬಾವಿ ಅಂತಾರ, ನಿಮ್ಮ ಪ್ಲ್ಯಾನಿನ್ಯಾಗ ಅದಕ್ಕ ಇಟ್ಟಿದ್ದು ಅರ್ಧ ತಾಸು! ಚರಕಿ ಹಿಡಿದು ತಿರುವಿದ ಹಂಗ ಕಾಣೋ ಕಂಬಕ್ಕ ಕೈ ಹಚ್ಚಿ, "ಮಷಿನ್ ಇಲ್ದ ಹೆಂಗ ಮಾಡಿದ್ರಪಾ" ಅಂದ್ರಿ, ನಡದ್ರಿ. ಬ್ರಹ್ಮ ಜಿನಾಲಯದಾಗ ಮಾತ್ರ ಒಂದು ಗಳಿಗಿ ಕೂಡ್ರಿ, ನನ್ನ ಮಾತು ಕೇಳ್ರಿ. 1007ರಾಗ ಇದನ್ನ ಕಟ್ಟಿಸಿದಾಕಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣ ಅಳದು ಹೋಗಬಾರದಂತ ಸಾವಿರ ಪ್ರತಿ ಬರೆಸಿ ಹಂಚಿದಾಕಿ. ಓಲಿ ಮ್ಯಾಲೆ, ಕೈಲೆ, ಒಂದೊಂದು ಅಕ್ಷರ ಕೊರದು.

ಸಾವಿರ ಪ್ರತಿ ನಿಮ್ಮ ಹತ್ರನೂ ಅದಾವ ಬಿಡ್ರಿ. ಮುಂಜಾನೆ ಕೆರಿಯಾಗ ಕ್ಯಾಮೆರಾ ಬಟನ್ ಒತ್ತಿ ಹಿಡಿದಿದ್ರಲ್ಲ? ಒಂದ ಹೆಬ್ಬಾತು, ಅದೂ ಹಿಂದಿನಿಂದ. (ಒಂದೂ ಡಿಲೀಟ್ ಮಾಡಂಗಿಲ್ಲ ನೀವು, ನನಗ ಗೊತ್ತೈತಿ.)

ಸಂಜೀಕೆ ಡಂಬಳ, ಇಟಗಿ, ಕುಕನೂರು ಎಲ್ಲಾ ಹೊಡದ ಬಿಡೂಣು ಅಂತೀರಿ. ಡಂಬಳದ ದೊಡ್ಡಬಸಪ್ಪನ ಗುಡಿ ನಕ್ಷತ್ರದಂಗ ಮೂಲಿ ಮೂಲಿ ಐತಿ, ಒಂದು ಸುತ್ತು ಹಾಕೂದ್ರಾಗ ನೆರಳ ಸರೀತೈತಿ. ಸುತ್ತೂ ಮುಂದ ಬಲಗಡೆ ಗ್ವಾಡಿ ನೋಡ್ತೀರೋ, ಎಡಗಡೆ ಹಕ್ಕಿ ನೋಡ್ತೀರೋ, ಎರಡೂ ಪಾರ್ಟಿ ಅಲ್ಲೇ ಬಗೆಹರಿಸ್ಕೋರಿ. ಇಟಗಿ ಗುಡಿ ಮತ್ತೊಂದಿನಕ್ಕ ಇರ್ಲಿ, 1112ರಿಂದ ನಿಂತೈತಿ, ಈ ಆದಿತ್ಯವಾರ ಎಲ್ಲೂ ಹೋಗಂಗಿಲ್ಲ.

ಹೆಬ್ಬಾತು ಮಾತ್ರ ಹೋಗ್ತಾವ. ಫೆಬ್ರುವರಿ ದಾಟಿದ್ರ ಕೆರಿ ಖಾಲಿ. ಅದಕ ಲಗೂನ ಹೊಂಡ್ರಿ, ಗಾಡ್ಯಾಗ ಒಂದು ಸೀಟು ಉಳದಿದ್ರ ನನಗೂ ಹೇಳ್ರಿ. ಮೂರನೇ ಪಾರ್ಟಿಗೆ ಓಟು ಕಡಿಮಿ ಬೀಳಬಾರದು.