ರಾಯಚೂರು ಸೀಮೆಯ ‘ಲೈಟು’: ಬಹುಮುಖಿ ನೆಲೆಗಳ ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಸಂಪ್ರಬಂಧವು ‘ಲೈಟು’ ಎಂಬ ಪದದ ಸಾಂಸ್ಕೃತಿಕ ಚಹರೆಗಳನ್ನು, ಚಹರೆಗಳ ಒಳಸುಳಿಗಳನ್ನು, ಒಳಸುಳಿಗಳ ಆಯಾಮಗಳನ್ನು ಹಾಗೂ ಸದರಿ ಆಯಾಮಗಳ ನೆಲೆಗಳನ್ನು ದೇಸಿ ಸಂಕಥನದ ಚೌಕಟ್ಟಿನಲ್ಲಿ ಮುಖಾಮುಖಿಯಾಗಿಸುವ ಉದ್ದೇಶ ಹೊಂದಿದೆ. ಕ್ಷೇತ್ರಕಾರ್ಯದ ವ್ಯಾಪ್ತಿ: ರಾಯಚೂರು ನಗರ, ದೇವದುರ್ಗ, ಮಾನ್ವಿ. ವಿಧಾನ: ಬಸ್‌ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಕೂತು ಕಿವಿ ತೆರೆದಿಡುವುದು. ಇದನ್ನೇ ‘ಸಹಭಾಗಿ ಅವಲೋಕನ’ ಎಂದು ಬರೆದರೆ ಟಿಎ-ಡಿಎ ಮಂಜೂರಾಗುತ್ತದೆ.

ಮೊದಲಿಗೆ ಚಾರಿತ್ರಿಕ ಹಿನ್ನೆಲೆ. ರಾಯಚೂರಿನ ನಡುಮಧ್ಯೆ ತೀನ್ ಕಂದೀಲ್ ಎಂಬ ಸರ್ಕಲ್ ಇದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಊರು, ಹೆಸರೂ ಉರ್ದುವಿನದು. ಮೂರು ಕಂದೀಲು! ಹಿಂದಿನವರು ಬೆಳಕನ್ನು ಎಣಿಸಿ ಹೇಳುತ್ತಿದ್ದರೆಂಬುದಕ್ಕೆ ಇದು ಸಾಕ್ಷಿ. ಈಗ ಮೆಗಾವ್ಯಾಟ್ ಲೆಕ್ಕ. ಕಂದೀಲಾದರೆ ಎಲ್ಲಿದೆ ಅಂತ ಬೊಟ್ಟು ಮಾಡಿ ತೋರಿಸಬಹುದಿತ್ತು.

ಪ್ರಭೇದ ಒಂದು, ಗಮನಾಗಮನವಾಚಿ. ‘ಲೈಟ್ ಹೋತು’, ‘ಲೈಟ್ ಬಂತು’. ಇಲ್ಲಿ ಲೈಟು ಸ್ವತಂತ್ರ ಕರ್ತೃ. ತಾನೇ ಹೋಗುತ್ತದೆ, ತಾನೇ ಬರುತ್ತದೆ. ಅದನ್ನು ಯಾರೂ ತೆಗೆಯುವುದಿಲ್ಲ. ಹೀಗಾಗಿ ಹೊಣೆ ಯಾರದು ಎಂಬ ಪ್ರಶ್ನೆ ವ್ಯಾಕರಣದ ಹಂತದಲ್ಲೇ ಇತ್ಯರ್ಥವಾಗುತ್ತದೆ. ಫ್ಯಾನು ನಿಲ್ಲಲಿ, ಹಿಟ್ಟಿನ ಗಿರಣಿ ನಿಲ್ಲಲಿ, ಬೋರಿನ ಮೋಟಾರು ನಿಲ್ಲಲಿ, ಹೋಗಿದ್ದು ಲೈಟೇ. ಮೇ ತಿಂಗಳ ಮಟಮಟ ಮಧ್ಯಾಹ್ನ, ಕಣ್ಣು ಬಿಡಲಾಗದ ಬಿಸಿಲಲ್ಲಿ ನಿಂತು ‘ಲೈಟಿಲ್ರೀ’ ಎಂದು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುವವನ ಮಾತಿನಲ್ಲಿ ವಿರೋಧಾಭಾಸ ಕಾಣುವವರು ಬೆಂಗಳೂರಿನಿಂದ ಬಂದ ವಿದ್ವಾಂಸರು ಮಾತ್ರ.

ಪ್ರಭೇದ ಎರಡು, ಅಲ್ಪತ್ವವಾಚಿ. ಲೈಟ್ ಚಾ, ಲೈಟ್ ಮಳಿ, ‘ಲೈಟಾಗಿ ಜ್ವರ ಬಂದಾವ’. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿಯ ಕೊನೆಭಾಗಕ್ಕೆ ತಲುಪುವ ನೀರನ್ನೂ ಇಲ್ಲಿಯೇ ಸೇರಿಸತಕ್ಕದ್ದು. 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದು ಲೈಟ್ ಬಿಲ್ಲೂ ಲೈಟಾಗಿದೆ. ಅದು ಒಳ್ಳೆಯದೇ, ಪ್ರಬಂಧಕಾರನಿಗೆ ಅದರಲ್ಲಿ ತಕರಾರಿಲ್ಲ.

ಪ್ರಭೇದ ಮೂರು, ಉಪದೇಶವಾಚಿ. ಇದಕ್ಕೆ ಒಂದು ಕಚೇರಿಯ ಬಾಗಿಲಲ್ಲಿ ದಾಖಲಿಸಿಕೊಂಡ ಮೌಖಿಕ ಪಠ್ಯವನ್ನು (ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್) ಗಮನಿಸಬಹುದು:

‘ಸಾಹೇಬ್ರ, ಟಿಸಿ ಸುಟ್ಟು ನಾಕ್ ದಿನ ಆತ್ರಿ. ಊರಾಗ ಲೈಟಿಲ್ಲ.’

‘ಏ ಯಜಮಾನ, ಲೈಟಾಗಿ ತಗೋ. ಬರ್ತಾವ.’

ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ಕಾಲಕ್ಕೆ ಟಿಸಿ ಇರಲಿಲ್ಲ. ಇದ್ದಿದ್ದರೆ ಈ ಶ್ಲೇಷೆಗೆ ಒಂದು ಸೂತ್ರ ಬರೆಯುತ್ತಿದ್ದ.

ನಾಲ್ಕರಿಂದ ಹದಿನಾರರವರೆಗಿನ ಪ್ರಭೇದಗಳಲ್ಲಿ ಪೋಕಸ್ ಲೈಟು, ಮದುವಿ ಮನೆಯ ಸೀರಿಯಲ್ ಸೆಟ್ಟು, ತಡವಾಗಿ ಹೊತ್ತಿಕೊಳ್ಳುವ ತಲೆಗೆ ‘ಟ್ಯೂಬ್‌ಲೈಟ್’ ಅನ್ನುವುದು ಇತ್ಯಾದಿ ಬರುತ್ತವೆ. ವಿವರಿಸುತ್ತ ಹೋದರೆ ನನಗೆ ಡಾಕ್ಟರೇಟ್ ಸಿಕ್ಕೀತು, ನಿಮಗೆ ನಿದ್ದೆ ಬಂದೀತು. ಬಿಡೋಣ.

ಯಾಕೆಂದರೆ ಎಂಥೆಂಥ ವಿಚಾರ ಸಂಕಿರಣಗಳಲ್ಲಿ ಕೂತು ‘ಹಿಂದುಳಿದ ಪ್ರದೇಶದ ಅಸ್ಮಿತೆ’ ಎಂಬುದನ್ನು ಕೇಳಿದರೂ, ಯಾರ ಪ್ರಬಂಧದಲ್ಲೂ ಶಕ್ತಿನಗರ ಬರಲಿಲ್ಲ. ರಾಯಚೂರಿನ ಮಗ್ಗುಲಲ್ಲೇ, ಕೃಷ್ಣೆಯ ದಂಡೆಯ ಮೇಲಿದೆ. ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಈಗ ಎಂಟು ಘಟಕ, 1720 ಮೆಗಾವ್ಯಾಟ್ ಸಾಮರ್ಥ್ಯ. ಸಾಲದೆಂಬಂತೆ ಯರಮರಸಿನಲ್ಲಿ 800ರ ಎರಡು ಘಟಕ. ಸಿಂಗರೇಣಿಯ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ಕೃಷ್ಣೆಯ ನೀರು ಆವಿಯಾಗುತ್ತದೆ, ಕರೆಂಟು ತಂತಿ ಹತ್ತಿ ದೂರ ಹೋಗುತ್ತದೆ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ಡು ದೇಶದ ಗ್ರಿಡ್ಡಿಗೆ ಕೂಡಿಕೊಂಡಿದ್ದೂ ರಾಯಚೂರು–ಸೊಲ್ಲಾಪುರದ 765 ಕೆವಿ ಲೈನಿನ ಮೂಲಕವೇ. ಇಲ್ಲಿ ಉಳಿಯುವುದು ಬೂದಿ. ಅಂಗಳದಲ್ಲಿ ಒಣಹಾಕಿದ ಬಟ್ಟೆ ಝಾಡಿಸಿದರೆ ಉದುರುವ ಬೂದಿಗೆ ಯಾವ ನೆಲೆ, ಯಾವ ಆಯಾಮ?

ದೇವದುರ್ಗದ ಕಡೆ ಹೊಲಕ್ಕೆ ತ್ರೀ ಫೇಸ್ ಬರುವುದು ಪಾಳಿಯ ಮೇಲೆ. ರಾತ್ರಿ ಪಾಳಿ ಬಂದರೆ ರೈತ ಅರೆನಿದ್ದೆಯಲ್ಲಿ ಎದ್ದು, ಬ್ಯಾಟ್ರಿ ಹಿಡಿದು, ಬದುವಿನ ಮೇಲೆ ಹೆಜ್ಜೆ ಹುಡುಕುತ್ತ ಹೋಗಿ ಸ್ಟಾರ್ಟರಿನ ಪೆಟ್ಟಿಗೆ ತೆಗೆಯುತ್ತಾನೆ. ಪೆಟ್ಟಿಗೆಯೊಳಗೆ ಬೆಚ್ಚಗೆ ಹಾವು ಸುತ್ತಿಕೊಂಡಿರುವುದುಂಟು. ಒದ್ದೆ ಕೈಗೆ ಶಾಕ್ ಹೊಡೆಯುವುದುಂಟು. ಮರುದಿನ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು. ರಾತ್ರಿಯೆಲ್ಲ ಸೂರ್ಯನಿಗಿಂತ ಜೋರಾಗಿ ಉರಿಯುವ ಜಾಹೀರಾತು ಫಲಕಗಳಿಗೆ ಯಾವ ಊರಲ್ಲೂ ಪಾಳಿ ಇಲ್ಲ.

ಪಾರಿಭಾಷಿಕ ಪದಗಳು ಮುಗಿದವು. ಮಾನ್ಯರೇ, ಈ ಜಿಲ್ಲೆಯ ಹೊಲಗಳಿಗೆ ತ್ರೀ ಫೇಸ್ ಹಗಲು ಹೊತ್ತು ಕೊಡಿ. ಸುಟ್ಟ ಟಿಸಿ ತಡಮಾಡದೆ ಬದಲಿಸಿ. ಇದನ್ನು ಮಾತ್ರ ಲೈಟಾಗಿ ತಗೋಬೇಡಿ.